ಒಂದು ಸೂಜಿಯ ಸಲುವಾಗಿ

…ಅಲ್ಲ ತಂಗಿ, ಸೂಜಿ ಹೆಂಗ ಮಾಡೂದು ಅಂತ ಕೇಳಾಕ ಬಂದಿಲ್ಲ ನಾನು. ಅದು ನನಗ ಬರತೈತಿ. ನಮ್ಮ ಯಜಮಾನರಿಗೆ ಸಕ್ಕರಿ ಬ್ಯಾನಿ ಇದ್ದಾಗ ದಿನಾ ಹೊಟ್ಟಿಗೆ ಸೂಜಿ ಮಾಡಿದಾಕಿ ನಾನ. ಅವರು ಹೋಗೂತನಕ ಈ ಕೈ ನಡುಗಿಲ್ಲ. ನನಗ ಬೇಕಾಗಿದ್ದು ಆ ಔಷಧ. ಒಂದ ಸಾಕು. ಇಲ್ಲಾ… ಎರಡು ಕೊಡು. ಒಂದು ಕೈಜಾರಿ ಒಡದ್ರ ಇನ್ನೊಂದು ಇರಲಿ.

ನೀ ಉಣ್ಣು. ಊಟಕ್ಕ ಮುಚ್ಚೇತಿ ಅಂತ ಔಷಧ ಅಂಗಡಿ ಬಾಗಲಕ್ಕ ಬೋರ್ಡ್ ಹಾಕ್ತಿ ಅಂತ ಗೊತ್ತಿದ್ದ ಈ ಹೊತ್ತಿಗೆ ಬಂದೀನಿ. ನಾ ಮಾತಾಡ್ತೀನಿ, ನೀ ಡಬ್ಬಿ ಬಿಚ್ಚು. ಏನೈತಿ? ಬ್ರೆಡ್ಡು? ಎಜ್‌ವೇರ್‌ದಾಗ ನಮ್ಮ ದೇಶದವರ ಅಂಗಡ್ಯಾಗ ಜೋಳದ ಹಿಟ್ಟು ಸಿಗತೈತಲ್ಲ ಚಂದ್ರಿಕಾ. ಬೈಲಹೊಂಗಲದಾಕಿ ಮಗಳಾಗಿ ರೊಟ್ಟಿ ಬಡಿಯಾಕ ಬರೂದಿಲ್ಲ ಅಂದ್ರ ನಿಮ್ಮ ಅವ್ವ ಏನಂದಾಳು?… ಹ್ಞಾಂ, ನಗು. ನೀ ನಕ್ಕು ಭಾಳ ದಿನ ಆಗಿತ್ತು.

ಕುರ್ಚಿ ಬ್ಯಾಡ. ನಿಂತ ಇರ್ತೀನಿ. ಕುಂತ್ರ ಮತ್ತ ಏಳೂದು… ಏನಿಲ್ಲ. ಬಸ್ಸಿನ್ಯಾಗ ಕುಂತ ಬಂದೆ, ಅದಕ್ಕ.

ರುದ್ರೇಶ ಮನ್ಯಾಗ ಮಲಗ್ಯಾನ. ಗೊರಕಿ ಇರಲಿಲ್ಲ, ಎದಿ ಮ್ಯಾಲೆ ಕೈ ಇಟ್ಟು ನೋಡೇ ಬಂದೀನಿ. ಅವನ ಸಲುವಾಗೇ ಈ ಸೂಜಿ. ನಿನ್ನ ಮುಂದ ಏನು ಮುಚ್ಚಲಿ? ನನ್ನ ಮಗ ನಶಾದ ಗುಳಿಗಿ ತಿಂತಾನ. ನೋಡು, ಹೇಳಿಬಿಟ್ಟೆ. ಕನ್ನಡದವರು ಕೂಡಿದಲ್ಲೆಲ್ಲ 'ಬೆನ್ನು ನೋವು, ಬೆನ್ನು ನೋವು' ಅನ್ಕೋತ ಬಂದ ಬಾಯಿ ಇದು. ಬೆನ್ನು ನೋವೂ ಸುಳ್ಳಲ್ಲ ಮತ್ತ. ಲಿಫ್ಟ್ ರಿಪೇರಿ ಮಾಡ್ತಿದ್ದ, ಲಿಫ್ಟ್ ಇಳಿಯೂ ಆ ಬಾವಿಯಂಥಾ ಜಾಗದಾಗ ಬಿದ್ದ. ಜೀಪಿ ಡಾಕ್ಟರು ಗುಳಿಗಿ ಕೊಟ್ರು, ಕೊಟ್ರು, ಕೊಟ್ರು, ಒಂದಿನ ಸಾಕು ಅಂದ್ರು. ಇವರು ಸಾಕು ಅಂದ್ರ ಆತೇನು, ಮೈ ಸಾಕು ಅನ್ನಬೇಕಲ್ಲ? ಅವನ ಹೆಂಡ್ತಿ ನೇತ್ರಾ ಮಗಳನ್ನ ಕರಕೊಂಡು ಸಟನ್ ಅನ್ನೂ ಊರಿಗೆ ಹೋದ್ಲು. 'ಅಲ್ಲಿ ಸಾಲಿ ಛಲೋ ಅದಾವ ಅತ್ತಿ' ಅಂದ್ಲು. ಛಲೋನ ಅದಾವ. ಸೊಸಿ ಸುಳ್ಳು ಹೇಳಿಲ್ಲ.

ಶುಕ್ರವಾರ ಏನಾತು ಕೇಳು. ಮಧ್ಯಾಹ್ನ ಉಂಡು ಮಲಗಿದ್ದ. ಗೊರಕಿ ಹೊಡಿಯಾಕ ಹತ್ತಿದ. ನನಗ ಖುಷಿ ಆತು. ರಾತ್ರಿಯೆಲ್ಲ ಹೊಳ್ಳ್ಯಾಡಾವ, ಇವತ್ತರ ನಿದ್ದಿ ಹತ್ತಿತಲ್ಲ ಅಂತ ಟೀವಿ ಸಣ್ಣ ಮಾಡಿದೆ, ಬಾಗಲಾ ಮೆಲ್ಲಕ ಮುಂದ ಮಾಡಿದೆ… ಹೌದು, ಈಗ ಗೊತ್ತೈತಿ, ಅದು ನಿದ್ದಿಯ ಗೊರಕಿ ಅಲ್ಲ ಅಂತ. ಗೊರಕಿ ನಿಂತಾಗ ಒಳಗ ಹೋದೆ. ತುಟಿ ನೋಡಿದ್ರ ನೇರಳೆಹಣ್ಣು ತಿಂದಾವನಂಗ. ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡದೆ. ಕಬ್ಬಿಣ ಇರಲಿ ಅಂತ ಅಂಗೈಯಾಗ ಬೀಗದ ಕೈ ಇಟ್ಟು ಮುಷ್ಟಿ ಕಟ್ಟಿಸಿದೆ. ಹಂಗ ನೋಡಬ್ಯಾಡ. ಮೂರ್ಛೆ ಬಂದ್ರ ನಮ್ಮ ಕಡೆ ಮಾಡೂದು ಅದನ್ನ. ಮುಷ್ಟಿ ನಿಲ್ಲಲಿಲ್ಲ, ಬೀಗದ ಕೈ ಕೆಳಗ ಬಿತ್ತು. ಆಮ್ಯಾಲ ಫೋನ್ ಮಾಡಿದೆ.

ಅಂಬುಲೆನ್ಸಿನ ಹುಡುಗ ಬಂದು ತೊಡಿಗೆ ಸೂಜಿ ಮಾಡಿದ. ನಾ ಇನ್ನೂ ಶರಣ್ರ ಹೆಸರು ತೊಗೊಳ್ಳಾಕ ಹತ್ತಿದ್ದೆ, ಇಂವ ಎದ್ದು ಕುಂತ. ಎದ್ದವ ಮೊದಲ ಏನಂದ ಗೊತ್ತೇನು? ಆ ಹುಡುಗನ್ನ ಬೈದ. ಏರಿದ್ದನ್ನ ಇಳಿಸಿಬಿಟ್ಟಿ ಅಂತ. ಇಂಗ್ಲಿಷ್‌ನ್ಯಾಗ ಬೈದ, ಅರ್ಧಾ ತಿಳೀಲಿಲ್ಲ ನನಗ, ಪುಣ್ಯಾ. ಆಸ್ಪತ್ರಿಗೆ ಬಾ ಅಂದ್ರ ಒಲ್ಲೆ ಅಂದ. ಆದ್ರ ಆ ಬೈಗುಳ, ಚಂದ್ರಿಕಾ, ಅಂವ ಹುಟ್ಟಿದಾಗ ಮೊದಲ ಅತ್ತಿದ್ನಲ್ಲ, ಹಂಗ ಕೇಳಿತು ನನಗ.

ಈ ಸೂಜಿ ನಾ ಮಾಡಬಹುದೇನಪಾ ಅಂತ ಆ ಹುಡುಗನ್ನ ಕೇಳಿದೆ. ಯಾರು ಬೇಕಾದವರು ಮಾಡಬಹುದು, ಎರಡು ವರ್ಷದ ಹಿಂದ ಕಾಯ್ದೆ ಬಂದೇತಿ, ಜೀವ ಉಳಸಾಕ ಅಂದ್ರ ಯಾರ ಕೈಯಾದ್ರೂ ನಡೀತೈತಿ ಅಂದ. ಮತ್ತ ಸಿಗೂದೆಲ್ಲಿ ಅಂದೆ. ಇಲ್ಲಿಯವರಂಗ ಭುಜ ಎತ್ತಿ ಇಳಿಸಿದ.

ಈಗ ನೀನೂ ಅದನ್ನ ಮಾಡಾಕ ಹತ್ತಿ. ಡಾಕ್ಟರ ಚೀಟಿ ಬೇಕು, ಅದೂ ರುದ್ರೇಶನ ಹೆಸರಿಲೆ ಬೇಕು, ಅವನ ಹೋಗಿ ಕೇಳಬೇಕು. ನನಗ ನಶಾ ಐತ್ರಿ ಅಂತ ಅಂವ ಡಾಕ್ಟರ ಮುಂದ ಹೇಳೂ ಹಂಗಿದ್ರ ನಾ ಯಾಕ ಇಲ್ಲಿ ನಿಂದರತಿದ್ದೆ? ಸಿಗರೇಟ್ ಬಿಡಿಸೂ ಪಟ್ಟಿ ನೀನ ಕೊಡ್ತಿ. ಹುಡುಗ್ಯಾರು ಮುಖ ಸಣ್ಣ ಮಾಡ್ಕೊಂಡು ಬಂದ್ರ ಆ ಸಣ್ಣ ಖೋಲಿಗೆ ಕರಕೊಂಡು ಹೋಗಿ, ಬಸುರು ನಿಲ್ಲಬಾರದು ಅಂತ ಗುಳಿಗಿ ನೀನ ಕೊಡ್ತಿ. ಚೀಟಿ ಬರಿಯೂ ಪರೀಕ್ಷಾನೂ ಪಾಸ್ ಆದಿ, ನಾ ಪೇಢೆ ತಂದು ಕೊಟ್ಟಿದ್ದೆ… ಬರೇ ಬಿಪಿಗೆ ಅಷ್ಟ ಚೀಟಿ ಬರೀಬೇಕಾ? ಬಿಪಿ ಏರಿದವರಷ್ಟ ಸಾಯ್ತಾರೇನು?

ಮಾತುಕತಿ ನಡದೈತಾ? ಔಷಧ ಅಂಗಡಿಯವರಿಗೂ ಅಧಿಕಾರ ಕೊಡಬೇಕು ಅಂತ? ಛಲೋ ಆತು. ಕಾಯ್ದೆ ಬರೂತನಕ ಉಸಿರು ಹಿಡಕೊಂಡಿರು ಅಂತ ರುದ್ರ್ಯಾಗ ಹೇಳ್ತೀನಿ.

ಸಿಟ್ಟಾಗಬ್ಯಾಡ. ನಿನ್ನ ಲೈಸೆನ್ಸ್ ಹೋಗತೈತಿ, ಗೊತ್ತೈತಿ. ಆದ್ರ ನೀನ ನೋಡು, ನನ್ನ ಎಲುಬಿನೊಳಗಿನ ಬ್ಯಾನಿಗೆ ತಿಂಗಳಾ ತಿಂಗಳಾ ಮಾರ್ಫಿನ್ ಚೀಲಕ್ಕ ಹಾಕಿ ಕೊಡ್ತಿ. ಅಫೀಮಿನ ಕುಲದ್ದು ಆಯಿ, ಹುಷಾರು ಅಂತ ನೀನ ಹೇಳಿದಿ. ಅದನ್ನ ಕೊಡಾಕ ಕಾಯ್ದೆ ಐತಿ, ಅದನ್ನ ಇಳಿಸೂದನ್ನ ಕೊಡಾಕ ಇಲ್ಲ. ಹಾವು ಕೊಡ್ತೀರಿ, ಹಾವಿನ ಮದ್ದು ಕೊಡೂದಿಲ್ಲ.

ಯಾಕ, ಉಣ್ಣೂದು ಬಿಟ್ಟಿ?

ಎಲ್ಲಿಂದ ತರ್ತಾನ ಅಂದ್ರ… ನನಗೇನು ಗೊತ್ತವಾ. ಸ್ಟೇಶನ್ ಹಿಂದ ನಿಂದರತಾರಲ್ಲ, ಅವರ ಕಡೆ. ಇಲ್ಲ, ಈಗ ಹೊರಗ ಹೋಗೂದಿಲ್ಲ. ಚಳಿಗಾಲದಿಂದ ಮನಿ ಬಿಟ್ಟು ಕದಲಿಲ್ಲ, ಅದೊಂದು ಸಮಾಧಾನ ನನಗ. ಅಂದ್ರ… ಯಾರರ ತಂದು ಕೊಡ್ತಿರಬೇಕು. ಎಂಥಾ ಗುಳಿಗಿ ಅಂತ ಆ ಹುಡುಗನೂ ಕೇಳಿದ. ಮೊದಲ ನೇರಳೆ ಬಣ್ಣದ್ದು ಇದ್ದು, ಈಗ ಕಿತ್ತಳೆ ಬಣ್ಣದ್ದು ಅಂತ ಹೇಳಿದೆ.

ಏನು?

ಕಸದ ಬುಟ್ಟ್ಯಾಗ ನೋಡಿದೆ ಬಣ್ಣಾನ. ಕಸದ ಬುಟ್ಟ್ಯಾಗ… ಹೂಂ.

ನೀರು ಯಾಕ? ಬೆವರಾ? ಮೇ ತಿಂಗಳ ಬಿಸಿಲು ನೋಡು, ಅದಕ್ಕ. ಮುಂಜಾನಿ ಗುಳಿಗಿ ತೊಗೊಂಡೀನಿ… ಇಲ್ಲ, ಮರತೀನಿ ಅನಸ್ತೈತಿ. ಮನಿಗೆ ಹೋಗಿ ತೊಗೋತೀನಿ. ಇವತ್ತ ಸೋಮವಾರ, ನನ್ನ ಉಪವಾಸ, ಖಾಲಿ ಹೊಟ್ಟಿಗೆ ಆಗೂದಿಲ್ಲ. ಚೀಲ ಯಾಕ ತಗದಿ? ಚೀಟಿ ಒಳಗ ಹಂಗ ಐತಿ, ನೀ ಕೊಟ್ಟ ಗುಳಿಗಿ ಡಬ್ಬಿನೂ ಐತಿ. ಮನ್ಯಾಗ ಇಡೂದಿಲ್ಲ ಈಗ… ಕಳ್ಳ ಮಂದಿ ಭಾಳ ಅಂತ. ಬಿಡಿಸಿ ಕೊಡು, ಕೊಡು, ನುಂಗ್ತೀನಿ. ಒಂದು ಗುಳಿಗಿಗೆ ಇಷ್ಟು ಜಬರದಸ್ತಿ. ಉಣ್ಣೂದು ಬಿಟ್ಟು ನನ್ನ ಮುಂದ ಬಂದು ನಿಂತಿ. ನೀರು ತಣ್ಣಗ ಐತಿ, ಹಲ್ಲು ಜುಮ್ ಅಂತಾವ. ನಿಂದರು, ನುಂಗ್ತೀನಿ. ನಾ ಏನಂದೆ ಅಂದ್ರ, ಆ ಸೂಜಿ ನೀ ಬರೇ ಕೌಂಟರ್ ಮ್ಯಾಲೆ ಮರತು ಇಟ್ಟು ಒಳಗ ಹೋದ್ರ ಸಾಕು, ನಾ…

ಏನು ನೋಡ್ತಿ?

ಓ.

ಇದಾ. ಗೊತ್ತಾಗಲಿಲ್ಲ ನೋಡು. ಮಾತಾಡ್ಕೋತ ಕೈ ತಾನ ಗುಳಿಗೀನ ಸೆರಗಿನ ತುದಿಗೆ ಕಟ್ಟಿಬಿಟ್ಟೈತಿ. ರೂಢಿ ಆಗೇತಿ ಕೈಗೆ.

ಚಂದ್ರಿಕಾ. ಗಂಟು ಬಿಡು. ಬೈಯೂದಿದ್ರ ಬೈ.

ಹೊರಗಿನ ಪುಡಿಯಾಗ ಏನು ಬೆರಸಿರ್ತಾರೋ ಏನೋ. ಮ್ಯಾಲಿನ ಫ್ಲ್ಯಾಟಿನ ಐರಿಷ್ ಹುಡುಗ ಮೆಟ್ಟಲ ಮ್ಯಾಲೆ ಸತ್ತು ಬಿದ್ದಿದ್ದ, ನಾನ ದಾಟಿ ಹೋಗಿದ್ದೆ, ಕುಡದಾನ ಅಂತ. ಇದು ಡಾಕ್ಟರು ಬರದದ್ದು, ನಿನ್ನ ಕೈಯಾಗಿಂದು. ಸ್ವಚ್ಛ. ಮುಂಜಾನಿ ಒಂದು, ಸಂಜಿಗೆ ಒಂದು. ಕಣ್ಣ ಮುಂದ ಇರ್ತಾನ. ನನ್ನ ಎಲುಬು ನೋಯ್ತಾವ, ನೋಯ್ಲಿ. ಅವನ್ನ ಹಡಿಯುವಾಗೂ ನೊಂದಿದ್ದು.

ಆ ಡಾಕ್ಟರು, ಯಾಕ ಇನ್ನೂ ನೋವು ಅಂದ್ರು. ನೋವು ಹೆಂಗ ಹೋಗಬೇಕು, ಗುಳಿಗಿ ನನ್ನ ಹೊಟ್ಟಿಗೆ ಹೋದ್ರ ತಾನ? ಜೋರಿಂದು ಬರದ್ರು. 'ಆಯಿ, ಇವು ಮೊದಲಿನಕ್ಕಿಂತ ಡಬಲ್' ಅಂತ ನೀ ಇದ ಕೌಂಟರಿನ್ಯಾಗ ಹೇಳಿದಿ. ನನ್ನ ಸಲುವಾಗಿ ಹೇಳಾಕ ಹತ್ತಿ ಅಂತ ಹ್ಞೂಂ ಅಂದೆ. ನನಗೇನು ಬೇಕಾಗಿತ್ತು ಆ ಮಾತು, ನಾ ತಿನ್ನಾಕಿ ಅಲ್ಲಲ್ಲ… ಬಣ್ಣ ಬದಲಾತು ಅಷ್ಟ ಅಂತ ತಿಳದೆ. ಗುರುವಾರ ಕೊಟ್ಟಿ. ಮರುದಿನ ಶುಕ್ರವಾರ.

ಈಗ ಅರ್ಧಾ ಮುರದು ಕೊಡ್ತೀನಿ. ಕಣ್ಣು ಯಾಕ ಮುಚ್ಚಿದಿ? ಮುರೀಬಾರದಾ? ಮುರದ್ರ ಔಷಧ ಎಲ್ಲಾ ಒಮ್ಮೆಲೆ ಮೈಗೆ ಏರತೈತಾ?

ಫೋನ್ ಯಾರಿಗೆ? ಡಾಕ್ಟರಿಗಾ? ತಡಿ. ತಡಿ ತಂಗಿ. ಸೂಜಿಗೆ ಚೀಟಿ ಕೇಳ್ತೀಯೋ, ಗುಳಿಗಿ ಬಂದ್ ಮಾಡ್ರಿ ಅಂತೀಯೋ? ಒಬ್ಬರಿಗೇ ಎರಡೂ ಹೇಳಬೇಕಲ್ಲ ನೀನು. ಗುಳಿಗಿ ಇವತ್ತ ಬಂದ್ ಆಗ್ತಾವ, ಅದಕ್ಕ ಕಾಯ್ದೆ ಐತಿ. ಸೂಜಿ ಇವತ್ತ ಬರತೈತೇನು? ಸಂಜಿಗೆ ಅಂವ ಎದ್ದು ಕೈ ಚಾಚತಾನ. ಗಂಟಿನ್ಯಾಗ ಏನೂ ಇಲ್ಲಂದ್ರ ಚಪ್ಪಲಿ ಮೆಟ್ಟಿ ಸ್ಟೇಶನ್ ಹಿಂದಕ್ಕ ನಡೀತಾನ.

ರಿಂಗ್ ಆಗಾಕ ಹತ್ತೇತಿ, ನನಗ ಇಲ್ಲಿತನಕ ಕೇಳಸ್ತೈತಿ. ಮೊದಲ ಯಾವುದು ಹೇಳ್ತಿ ಮಗಳ? ಅವರು ಎತ್ತೂದ್ರೊಳಗ ನನಗ ಹೇಳು.