ದಡ ಮುಟ್ಟೋ ಗಂಟ

…ಬರೀ ಗಾಳಿ ಕಣಮ್ಮಿ ಸಣ್ಣತಾಯಿ, ಇಂಜಿನ್ನು ಗಿಂಜಿನ್ನು ಏನೂ ಇಲ್ಲ! ‘ಗ್ಲೆನ್ ಮೋರಾ’ ಅಂತ ಈ ಹಾಯಿಹಡಗಿನ ಹೆಸರು, ಈಗ ದಡಕ್ಕೆ ಕಟ್ಟಿ ಜನಕ್ಕೆ ತೋರಿಸ್ತಾರೆ. ಬ್ರಿಟಿಷ್ನೋರು ಕಟ್ಟಿಸಿದ್ದು, ನಮ್ಮ ಮುತ್ತಾತನ ಕಾಲದಲ್ಲಿ. ಅಲ್ಲಿಂದ ಕಲ್ಲಿದ್ದಲು ತುಂಬ್ಕೊಂಡು ಈ ಸ್ಯಾನ್ ಫ್ರಾನ್ಸಿಸ್ಕೋಗೆ ಬತ್ತಿದ್ರು, ಇಲ್ಲಿಂದ ಗೋಧಿ ತುಂಬ್ಕೊಂಡು ಹೋಯ್ತಿದ್ರು. ಯಾಕೆ ಹಂಗೆ ನೋಡ್ತೀಯಾ? ಹೋದ ವಾರ ಅಳಿಯಂದ್ರೇ ಎಲ್ಲ ಓದಿ ಹೇಳಿದ್ರು.

ನಾಳೆ ಮಗಳು ಸಿಂಧುದು ಗೃಹಪ್ರವೇಶ ಇಟ್ಕೊಂಡು ಹಡಗು ತೋರಿಸ್ತಾವ್ನಲ್ಲ ಅಂತ ಕೋಪ ನಿಂಗೆ. ಬುಡು! ಡ್ಯಾನ್‌ವಿಲ್ಲ್ ಮನೇಲಿ ಸಿಂಧು ಅವಳೆ, ಅಡುಗೆಯವ್ರು ಅವ್ರೆ. ಲಿವರ್‌ಮೋರ್ ದೇವಸ್ಥಾನದ ಪುರೋಹಿತ್ರಿಗೂ ಹೇಳಿ ಆಯ್ತು.

ನಿನ್ನ ಫೋನಾ? ನನ್ನ ಜೇಬಲ್ಲೇ ಅದೆ, ಚಾರ್ಜಿಲ್ಲ. ಇಲ್ಲ, ಯಾರೂ ಮಾಡಿರಲಿಲ್ಲ. ನಿಮ್ಮಣ್ಣನಾ? ಮದ್ದೂರಲ್ಲಿ ಆರಾಮಾಗವ್ನೆ. ಏನಾಯ್ತದೆ ಅವನಿಗೆ? ಗುಂಡುಕಲ್ಲು!

ಕತೆ ಕೇಳು. ಒಂದ್ಸಲ ಕ್ಯಾಪ್ಟನ್ನು ಬಸುರಿ ಹೆಂಡ್ತೀನೂ ಹಡಗಿಗೆ ಹತ್ತಿಸ್ಕೊಂಡಿದ್ದ. ಅವಳ ತಮ್ಮನೂ ಇದರಲ್ಲೇ ಕೆಲಸಕ್ಕಿದ್ದ. ಬಿರುಗಾಳೀಲಿ ಆ ಕಂಬದ ಮೇಲಿಂದ ಬಿದ್ದು, ನೀರುಪಾಲಾದ… ಗಂಡ ಏನ್ ಮಾಡ್ದ ಗೊತ್ತಾ? ‘ನಿನ್ ತಮ್ಮಂಗೆ ಅಂಟುಜ್ವರ, ಹತ್ರ ಹೋಗ್ಬೇಡ’ ಅಂದ್ಬುಟ್ಟು, ದಡ ಮುಟ್ಟೋ ಗಂಟ ದಿನಾ ಆ ಖಾಲಿ ಕೋಣೆಗೆ ಊಟ ಕಳಿಸ್ದ! ಮಗು ನೆಟ್ಟಗೆ ಹುಟ್ಟಿತು. ಒಳ್ಳೇದಕ್ಕೇ ಮಾಡ್ದ, ಅಲ್ವಾ?

ತಲೆ ಯಾಕಾಡಿಸ್ತೀಯಾ? ಅವಳು ಅಳೋದು ತಪ್ಪಿತಾ ಅಂತಾನಾ? ತಪ್ಪಲಿಲ್ಲ. ಆದ್ರೂ ಹೊತ್ತುಗೊತ್ತು ಅಂತ ಬ್ಯಾಡ್ವಾ? ಸತ್ತವ್ರು ನಾಳೆನೂ ಸತ್ತೇ ಇರ್ತಾರೆ, ಮುಹೂರ್ತ ಕಾಯ್ತದಾ? ಕಿವಿಗೆ ಬಿದ್ದ ಮೇಲೆ ತಾನೆ ಸೂತಕ! ಬೀಳದೇ ಇದ್ರೆ… ಅಯ್ಯೋ, ಆ ಬಿಳೀ ಹೆಂಗ್ಸಿನ ವಿಷಯ ಹೇಳ್ದೆ ಕಣೆ!

ತಲೆ ಮೇಲಿನ ಶಾಲು ಯಾಕೆ ತೆಗೀತೀಯಾ? ಈ ಗಾಳೀಲಿ… ಕೂದ್ಲು ಇನ್ನೂ ಹಸಿಯಾಗೇ ಅದೆಯಲ್ಲ! ಹೊರಡೋ ಮುಂಚೆ ನೀನು ಉಟ್ಟ ಸೀರೇಲೇ ತಲೆ ಮೇಲೆ ನೀರು ಹುಯ್ಕೊಂಡೆ ಅಂತ ಸಿಂಧು ಅಂದ್ಲು. ವಯಸ್ಸಾಯ್ತು, ಮರೆವು, ಅಂದ್ಕೊಂಡೆ ನಾನು. ಸಾವಿನ ಸುದ್ದಿ ಕೇಳಿದವ್ರು ತಾನೆ ಹಂಗೆ…

ಸಣ್ಣತಾಯಿ, ಗೊತ್ತಿತ್ತಾ ನಿಂಗೆ? ನಿಮ್ಮಣ್ಣ ಹೋಗಿದ್ದು? ಗೊತ್ತಿದ್ದೂ ಕಾರು ಹತ್ತಿದೆಯಾ, ನಾನೇ ಬಾಯಿ ಬಿಟ್ಟು ಹೇಳಲಿ ಅಂತ?

ನಸುಕಲ್ಲಿ ನಾನು ಗ್ಯಾರೇಜಲ್ಲಿ ನಿಂತು ಊರಿಗೆ ಮಾತಾಡಿದ್ದು ಕೇಳಿಸ್ತಾ? ಹೇಳೆ… ಬೈಯೆ… ಹಿಂಗೆ ನೋಡ್ಬೇಡ. ವಿಡಿಯೋದಲ್ಲಿ ಒಂದ್ಸಲ ಅಣ್ಣನ ಮುಖ ತೋರಿಸ್ತೀವಿ, ಕಾಯ್ತೀವಿ ಅಂದ್ರು ಅವ್ರು. ಅದಕ್ಕೆ ನಾನು… ‘ಅವಳಿಗೇನೂ ಹೇಳ್ಬೇಡಿ, ಕಾಯ್ಬೇಡಿ, ಎತ್ತಿಬಿಡಿ’ ಅಂದೆನಲ್ಲ… ಅದೂ ಕೇಳಿಸ್ತಾ?