ಮುಗಿಸಿ ತಂದಿಟ್ಟ ಸೂಜಿಮೆತ್ತೆಗಳು

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಣ್ಣನಾ? ... ನಾನು ಕಣೋ, ನಿನ್ನ ತಂಗಿ. ಇನ್ಯಾರು ಹೀಗೆ ಕಿರುಚ್ತಾರೆ? ... ಹಾಂ, ಮಹಿಳಾ ಸಂಘದ ಹಾಲ್‌ನಲ್ಲೇ ಇದ್ದೀನಿ.

... ಬೆಳಿಗ್ಗೆ ನೀನು ಬಾಗಿಲ ಹತ್ರ ಇಟ್ಟುಹೋದ ಡಬ್ಬಿ ಈಗ ತೆಗೆದೆ. ಏನಿದು? ... ಸೂಜಿ ಚುಚ್ಚಿಡೋ ಸೂಜಿಮೆತ್ತೆ ಅಂತ ನನಗೂ ಕಾಣುತ್ತೆ ಮಹರಾಯ! ನಾನು ಹೇಳಿದ್ದೇನು? ಬಟ್ಟೆ ದುಂಡಗೆ ಕತ್ತರಿಸಿ, ಜಾಮ್ ಬಾಟಲಿ ಮುಚ್ಚಳ ತೊಳೆದು ಕೊಡು ಅಂತ. ಅಷ್ಟೇ ಅಲ್ವಾ?

... ಇಲ್ಲಿ ನೋಡಿದ್ರೆ ಬಟ್ಟೆ ಹೊಲಿದು, ಹತ್ತಿ ತುಂಬಿ, ಮುಚ್ಚಳಕ್ಕೆ ಅಂಟಿಸಿ, ಎಲ್ಲಾ ಮುಗಿಸಿಟ್ಟಿದೆ! ಇನ್ನೊಂದು ಗಂಟೇಲಿ ಹೆಂಗಸರೆಲ್ಲ ಇದನ್ನ ಮಾಡೋಕೆ ಅಂತಲೇ ಬರ್ತಾರೆ. ಬಂದು ಏನು ಮಾಡಬೇಕು? ಚಪ್ಪಾಳೆ ತಟ್ಟಿ ಹೋಗಬೇಕಾ? ... ಹೋದ ಸಲ ಕೈಗೆ ಕೆಲಸ ಇಲ್ದೆ ಕೂತಿದ್ದಕ್ಕೆ ಮಾತಿಗೆ ಮಾತು ಬೆಳೆದು, ನರ್ಸಮ್ಮನೂ ಟೀಚರಮ್ಮನೂ ಇವತ್ತಿಗೂ ಮುಖ ಕೊಟ್ಟು ಮಾತಾಡ್ತಿಲ್ಲ.

... ನಗಬೇಡ. ಹೊಲಿಗೆನಾದ್ರೂ ನೆಟ್ಟಗಿದೆಯಾ? ಕೋಳಿ ಕೆದರಿದ ಹಾಗಿದೆ. ಬಟ್ಟೆ ಅಂಚಂತೂ ಇಲಿ ಕಡಿದ ಹಾಗೆ. ಯಾರ ಕೈಲಿ ಮಾಡಿಸಿದೆ? ... ಹೇಳು, ಯಾರ ಕೈಲಿ? ... ಯಾಕೆ ತಡವರಿಸ್ತೀಯಾ?

... ಇದೆಲ್ಲ ಯಾರಿಗೋಸ್ಕರ ಅಂದ್ಕೊಂಡೆ? ಅತ್ತಿಗೆಗೋಸ್ಕರ ಅಲ್ವಾ? ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು, ಲಕ್ವ ಹೊಡೆದು ಬಲಗೈ ಹೋದಾಗಿನಿಂದ ಸೂಜಿ ಕಡೆ ತಿರುಗಿ ನೋಡಿಲ್ಲ, ಹೊಸಿಲು ದಾಟಿಲ್ಲ. ಸುಲಭದ್ದೇನಾದ್ರೂ ಇಟ್ರೆ, ನಾಲ್ಕು ಜನರ ಮಧ್ಯೆ ಕೂತು ಒಂದು ಹೊಲಿಗೆ ಹಾಕಿಯಾರು ಅಂತ... ಆ ಆಸೆಗೂ ಕಲ್ಲು ಹಾಕಿದೆ ನೀನು!

... ಏನು? ... ಇನ್ನೊಂದು ಸಲ ಹೇಳು. ... ಅತ್ತಿಗೆನಾ? ... ಎಡಗೈಲಿ? ... ಎಲ್ಲಾನೂ ಅವರೇನಾ?

... ಮೊದಲೇ ಬಾಯಿ ಬಿಡೋಕೆ ನಿನಗೇನಾಗಿತ್ತು! ... ಏನು, ಸ್ಪೀಕರ್ ಹಾಕಿದ್ದೀಯಾ? ಮೊದಲಿಂದಾನೂ? ... ಅಯ್ಯೋ ಪುಣ್ಯಾತ್ಮ! ಕೋಳಿ ಅಂದಿದ್ದೂ ಕೇಳಿಸ್ತಾ? ... ಕೊಡು. ಫೋನು ಅವರಿಗೆ ಕೊಡು.

... ಅತ್ತಿಗೆ... ಇಲ್ಲ ಅತ್ತಿಗೆ... ಬಿಚ್ಚೋದಾ? ಯಾಕೆ ಬಿಚ್ಚಬೇಕು? ಒಂದು ಎಳೆ ಬಿಚ್ಚಿದ್ರೂ ನನ್ನಾಣೆ. ... ಕನಿಕರ ಅಲ್ಲ ಅತ್ತಿಗೆ. ... ಹೌದು, ಇದೆಲ್ಲ ನಿಮಗೋಸ್ಕರ ಅಂತ ನಿಮಗೆ ಹೇಳಿರಲಿಲ್ಲ. ... ಹಾಂ... ಹಾಂ... ಬೈಯಿರಿ. ನೀವು ಬೈದು ಎಷ್ಟು ದಿನ ಆಯ್ತು!

... ಬೇರೆ ಮುಚ್ಚಳ ಇಲ್ಲ. ಮನೆಯಿಂದ ಒಂದೊಂದು ತನ್ನಿ ಅಂತ ಬರೋರಿಗೆಲ್ಲ ಫೋನ್ ಮಾಡ್ತೀನಿ. ಆದ್ರೆ ಹೇಳ್ಕೊಡೋರು ಯಾರು, ನಾನಾ? ನನಗೆ ಗುಂಡಿ ಹೊಲಿಯೋಕೇ ಬರಲ್ಲ, ನಿಮಗೆ ಗೊತ್ತಲ್ಲ! ... ನೀವೇ ಬಂದು ಹೇಳ್ಕೊಡಿ ಅತ್ತಿಗೆ. ... ಬರ್ತೀರಾ? ... ಬರ್ತೀರಾ ಇಲ್ವಾ, ಒಂದು ಮಾತು ಹೇಳಿ.

... ಕತ್ತರಿನಾ? ಇದೆಯಲ್ಲ, ಇಲ್ಲೇ... ಎಡಗೈಯವರ ಕತ್ತರಿ ಬೇಕಾ? ... ಓ, ಈ ಕತ್ತರಿ ಎಡಗೈಲಿ ಹಿಡಿದ್ರೆ ಬಟ್ಟೆ ಮಡಚ್ಕೊಳ್ಳುತ್ತಾ? ಅಂಚು ಹಾಗಾಗಿದ್ದು ಅದಕ್ಕೇನಾ? ... ಈಗ ಎಲ್ಲಿಂದ ತರ್ಲಿ ಅತ್ತಿಗೆ, ಅದೂ ಒಂದು ಗಂಟೇಲಿ! ... ಇಲ್ಲ ಇಲ್ಲ, ತರ್ತೀನಿ! ಅಂಗಡಿಯವನ ಕಾಲು ಹಿಡಿದಾದ್ರೂ ತರ್ತೀನಿ. ಅಣ್ಣನಿಗೆ ಚಪ್ಪಲಿ ಹಾಕ್ಕೊಳ್ಳೋಕೆ ಹೇಳಿ, ನೀವು... ಹಲೋ? ಅತ್ತಿಗೆ? ... ಆಗಲೇ ಹೊರಟೇಬಿಟ್ರಾ?