ನೀರು ಬಗ್ಗಿಸಿದ್ದು ವಸು, ನಿಲ್ಲಿಸಿದ್ದು ಯಾರು?

ಹೋದ ವರ್ಷ, ಶಿವರಾತ್ರಿ ಕಳೆದ ಬುಧವಾರ, ಹಗಲು ಹನ್ನೆರಡು ಗಂಟೆ.

ಹನ್ನೆರಡು ಎಂದರೆ, ನಮ್ಮನ್ನು ಕರೆದಾಗ ಹನ್ನೆರಡು. ನಾವು ಸಾಗರಕ್ಕೆ ತಪಾಸಣೆಗೆ ಹೋಗಿ ಕುಳಿತದ್ದು ಒಂಬತ್ತಕ್ಕೇ. ನೆಟ್ಟಗೆ ಕುಳಿತುಕೊಳ್ಳಿ, ಮಕ್ಕಳೇ, ಗೋಡೆಗೆ ಒರಗಬೇಡಿ. ವಸು ಒಳಗೆ ಮಲಗಿದ್ದಾಳೆ, ಆದ್ದರಿಂದ ಹೇಳುತ್ತಿದ್ದೇನೆ. ಅವಳ ಎದುರು ಈ ವಿಷಯ ಎತ್ತಕೂಡದು. ನಿಮ್ಮ ವಸು ಅತ್ತೆಗೆ ಈಗ ನಲವತ್ತು ದಾಟಿತು. ಹುಟ್ಟಿದಾಗಿನಿಂದ ಬುದ್ಧಿ ನಿಧಾನ. ಅದು ವಾಸಿಯಾಗುವ ಕಾಯಿಲೆ ಅಲ್ಲ. ಇಷ್ಟು ನಿಮಗೆ ಅರ್ಥವಾಯಿತಲ್ಲ? ಸರ್ಕಾರಕ್ಕೆ ಅರ್ಥವಾಗುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಕರೆಸಿಕೊಂಡು, ಇವಳು ಇನ್ನೂ ಹಾಗೇ ಇದ್ದಾಳೋ ಎಂದು ನೋಡುತ್ತದೆ. ಇನ್ನೂ ಹಾಗೇ ಇದ್ದಾಳೋ! ಹಾಗೇ ಇದ್ದರೆ ಅಂಗವಿಕಲರ ಪಿಂಚಣಿ ಮುಂದುವರಿಯುತ್ತದೆ, ಸುಧಾರಿಸಿದ್ದಾಳೆ ಎಂದು ಬರೆದರೆ ನಿಲ್ಲುತ್ತದೆ. ನಿಮ್ಮ ಅಜ್ಜ ವಸು ಶಾಲೆಯ ವಯಸ್ಸಿಗೆ ಬರುವ ಮೊದಲೇ ತೀರಿಕೊಂಡರು. ನಾನು ಹೊಸನಗರದಲ್ಲಿ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದೆ, ಕೂದಲು ನರೆಯುವವರೆಗೂ ಮಾಡಿದೆ. ಬಿಡುವ ದಿನ ಶಾಲು ಹೊದಿಸಿ ಒಂದು ಹಣ್ಣಿನ ಬುಟ್ಟಿ ಕೊಟ್ಟರು. ಮುದುಕಿಯ ಉಳಿದ ಆಯುಷ್ಯಕ್ಕೆ ಹಣ್ಣಿನ ಬುಟ್ಟಿ! ಇರಲಿ, ನನ್ನ ಮಾತು ಬಿಡಿ. ನಾನು ಸತ್ತ ಮೇಲೆ ವಸುವಿನ ಹೆಸರಿನಲ್ಲಿ ಉಳಿಯುವುದು ಆ ಪಿಂಚಣಿ ಒಂದೇ. ನಿಮ್ಮಪ್ಪ, ನನ್ನ ಮಗ, ಒಳ್ಳೆಯವನು, ಅವಳನ್ನು ನೋಡಿಕೊಳ್ಳುತ್ತಾನೆ, ನಾನು ಅನುಮಾನ ಪಡುವುದಿಲ್ಲ. ಆದರೂ ನನ್ನ ಮಗಳು ಯಾರ ಮನೆಯಲ್ಲೂ ಬರಿಗೈಯಲ್ಲಿ ನಿಲ್ಲಕೂಡದು.

ಹಿಂದಿನ ದಿನ ಸಂಜೆ ಪಕ್ಕದ ಮನೆ ಗಿರಿಜಮ್ಮ ಬಂದಳು. ಅವಳ ಮಾತಿನ ವೈಖರಿ ನಿಮಗೆ ಗೊತ್ತಲ್ಲ. "ಟೀಚರೇ, ನಾಳೆ ನಾನೂ ಬರ್ತೀನಿ ಜೊತೆಗೆ. ಆದ್ರೆ ಒಂದ್ ಮಾತು ಕೇಳಿ. ಅವಳಿಗೆ ತಲೆ ಬಾಚ್ಬೇಡಿ. ಇಸ್ತ್ರಿ ಬಟ್ಟೆ ಎಲ್ಲ ಬ್ಯಾಡ. ಅವ್ರು ಏನ್ ಕೇಳಿದ್ರೂ ಸುಮ್ನೆ ಬಾಯಿ ಬಿಟ್ಕಂಡು ಕೂತ್ಕಳ್ಲಿ. ನಮ್ಮ ಭಾವನ ಮಗ ಹಾಗೇ ಮಾಡಿದ್ದು, ಪಟ್ ಅಂತ ಪಿಂಚಣಿ ಆಯ್ತು."

"ನಿನ್ನ ಭಾವನ ಮಗನಿಗೆ ಏನಾಗಿದೆ?" ಎಂದೆ.

"ಎಂತದೂ ಆಗ್ಲಿಲ್ಲ ಟೀಚರೇ! ದಲ್ಲಾಳಿಗೇ ಟೋಪಿ ಹಾಕಿ ಎಮ್ಮೆ ಮಾರೋ ಅಷ್ಟು ಬುದ್ಧಿ ಇದೆ ಅವ್ನಿಗೆ!"

ನಗಬೇಡಿ. ನಗುವ ವಿಷಯವಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರಿಗೆ ಹೊಡೆಯುತ್ತಿರಲಿಲ್ಲ. ಊಟದ ಹೊತ್ತಿಗೆ ಎದ್ದು ನಿಲ್ಲಿಸಿ, ಅದೇ ಸುಳ್ಳನ್ನು ಎಲ್ಲರ ಎದುರು ಇನ್ನೊಮ್ಮೆ ಹೇಳಿಸುತ್ತಿದ್ದರು. ಮರುದಿನ ಬೆಳಗ್ಗೆ ಎದ್ದು ವಸುವಿಗೆ ತಲೆ ಬಾಚಿದೆ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಸಿದೆ, ಹೂ ಮುಡಿಸಿದೆ.

ತಪಾಸಣೆ ಆಸ್ಪತ್ರೆಯಲ್ಲಿ ಅಲ್ಲ, ಗೊತ್ತಾ, ಒಂದು ಕಲ್ಯಾಣ ಮಂಟಪದಲ್ಲಿ. ಶಿಬಿರವಂತೆ. ಗಂಡು ಹೆಣ್ಣು ಕೂರುವ ವೇದಿಕೆಯ ಮೇಲೆ ಡಾಕ್ಟರು ಕುಳಿತಿದ್ದರು, ಹಿಂದೆ ಯಾರದೋ ಮದುವೆಯ ಕಾಗದದ ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ. ಕೆಳಗೆ ಕೈಯಿಲ್ಲದವರು, ಕಾಲಿಲ್ಲದವರು, ಹೆಗಲ ಮೇಲೆ ದೊಡ್ಡ ದೊಡ್ಡ ಮಕ್ಕಳನ್ನು ಹೊತ್ತು ತಂದವರು. ಮೆಟ್ಟಿಲು ಹತ್ತಿ ಅವರ ಬಳಿ ಹೋಗಬೇಕು! ಕಾಲಿಲ್ಲದವರು ಮೆಟ್ಟಿಲು ಹತ್ತಬೇಕು! ವಸು ನನ್ನ ಕೈ ಜಗ್ಗಿ, "ಅಮ್ಮಾ, ಮದುಮಗಳು ಎಲ್ಲಿ?" ಎಂದಳು. ಅವಳ ತಪ್ಪೇನು? ಅವಳು ನೋಡಿದ ಕಲ್ಯಾಣ ಮಂಟಪದಲ್ಲೆಲ್ಲ ಮದುವೆಯೇ ಆಗಿತ್ತು.

ಗುಮಾಸ್ತ ನಾಗೇಶ ಹೆಸರು ಕೂಗಿದ. ಹೋದೆವು. ಡಾಕ್ಟರು ಹುಡುಗ, ಬೇರೆ ಊರಿನವರು, ಬೆಳಗ್ಗಿನಿಂದ ಮಾತಾಡಿ ಮಾತಾಡಿ ಗಂಟಲು ಒಣಗಿತ್ತು. "ಹೆಸರೇನಮ್ಮಾ?" ಎಂದು ಕೆಮ್ಮಿದರು. ಮೇಜಿನ ಮೇಲೆ ನೀರಿನ ಜಗ್ಗು, ಲೋಟ. ವಸು ಹೆಸರು ಹೇಳಿ, "ಆಸ್ರಿಗೆ ಕೊಡ್ಲಾ?" ಎಂದಳು. ನಮ್ಮ ಕಡೆ ಬಂದವರಿಗೆ ಮೊದಲು ಆಸ್ರಿಗೆ, ಎಂದರೆ ಕುಡಿಯಲು, ಕೊಡಬೇಕಲ್ಲವೇ, ಆ ಒಂದು ಕೆಲಸ ಅವಳಿಗೆ ಕಲಿಸಲು ನನ್ನ ಯೌವನವೇ ಮುಗಿದಿದೆ. ಮೊದಲು ಖಾಲಿ ಚೊಂಬು ಎತ್ತಲು ಕಲಿಸಿದೆ, ಆಮೇಲೆ ನೀರು ಬಗ್ಗಿಸಲು, ಆಮೇಲೆ ಎರಡೂ ಕೈಯಲ್ಲಿ ಕೊಡಲು. ಲೋಟ ತುಂಬಿತೋ ಇಲ್ಲವೋ, ಅದು ಮಾತ್ರ ಅವಳಿಗೆ ತಿಳಿಯುವುದಿಲ್ಲ. ನಾನು ಪಕ್ಕದಲ್ಲಿ ನಿಂತು "ಸಾಕು" ಎನ್ನಬೇಕು. ನಾನೇ ಎನ್ನಬೇಕು, ಬೇರೆಯವರು ಅಂದರೆ ಕೇಳುವುದಿಲ್ಲ. ಅಂದೂ ಮೆಲ್ಲಗೆ "ಸಾಕು" ಎಂದೆ, ನಿಲ್ಲಿಸಿದಳು, ಎರಡೂ ಕೈಯಲ್ಲಿ ಕೊಟ್ಟಳು. ಡಾಕ್ಟರು ಗಟಗಟ ಕುಡಿದು, "ವೆರಿ ಗುಡ್! ಎಷ್ಟು ಚುರುಕು!" ಎಂದು ಏನೋ ಬರೆದರು.

"ಏನು ಬರೆದಿರಿ?"

"ತನ್ನ ಕೆಲಸ ತಾನೇ ಮಾಡ್ಕೋತಾರೆ ಅಂತ. ಖುಷಿ ಪಡಿ ಅಜ್ಜಿ, ಇಂಪ್ರೂವ್ ಆಗಿದ್ದಾರೆ."

"ಪಿಂಚಣಿ?"

"ಅದು ಅಂಗವೈಕಲ್ಯದ ಪರ್ಸೆಂಟ್ ಮೇಲೆ ಹೋಗತ್ತೆ. ಈಗ ಇಳಿಯತ್ತಲ್ಲ, ಸಿಗಲ್ಲ. ನಾಗೇಶ್, ನೆಕ್ಸ್ಟ್!"

ಗಿರಿಜಮ್ಮ ನನ್ನ ತೋಳು ಚಿವುಟಿದಳು. "ಹೇಳಿದ್ನಾ ಇಲ್ವಾ?"

ನಾನು ಅಲ್ಲಿಂದ ಕದಲಲಿಲ್ಲ. "ಡಾಕ್ಟರೇ, ನೀರು ಬಗ್ಗಿಸಿದ್ದನ್ನು ನೋಡಿದಿರಿ. ನಿಲ್ಲಿಸಿದ್ದು ಯಾರು ಎಂದು ನೋಡಲಿಲ್ಲ. ಇನ್ನೊಂದು ಲೋಟ ಕೇಳಿ. ನಾನು ಹೊರಗೆ ಹೋಗುತ್ತೇನೆ."

"ಟೈಮ್ ಇಲ್ಲ ಅಜ್ಜಿ, ಎಷ್ಟು ಜನ ಇದಾರೆ ನೋಡಿ."

"ನಾವು ಒಂಬತ್ತರಿಂದ ಕಾದಿದ್ದೇವೆ. ನೀವು ಒಂದು ಲೋಟ ತುಂಬುವಷ್ಟು ಹೊತ್ತು ಕಾಯಿರಿ."

ಗಿರಿಜಮ್ಮನನ್ನೂ ಎಳೆದುಕೊಂಡು ವೇದಿಕೆಯ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತೆ. ಒಳಗಿನ ಮಾತು ಕೇಳುತ್ತಿತ್ತು. "ಇನ್ನೊಂದ್ ಸ್ವಲ್ಪ ನೀರು ಕೊಡಮ್ಮ." ಆಮೇಲೆ, "ಹಾಂ, ಸಾಕು. ಸಾಕಮ್ಮಾ. ಅರೆ, ಸಾಕು ಅಂದ್ನಲ್ಲ!" ಆಮೇಲೆ ಕುರ್ಚಿ ಬಿದ್ದ ಸದ್ದು, ನಾಗೇಶನ ಕೂಗು, "ಸಾರ್, ಲ್ಯಾಪ್‌ಟಾಪ್! ಲ್ಯಾಪ್‌ಟಾಪ್ ಎತ್ಕಳಿ ಸಾರ್!" ಸಭೆಯೆಲ್ಲ ಗೊಳ್ ಎಂದು ನಕ್ಕಿತು. ಆಮೇಲೆ ವಸು, "ಅಮ್ಮಾ" ಎಂದಳು. ಕೂಗಲಿಲ್ಲ, ಸಣ್ಣಗೆ ಎಂದಳು.

ನಾನು ಒಳಗೆ ಹೋದಾಗ ಜಗ್ಗು ಖಾಲಿಯಾಗಿತ್ತು. ವಸು ತನ್ನ ಇಸ್ತ್ರಿ ಮಾಡಿದ ವೇಲಿನಿಂದ ಮೇಜು ಒರೆಸುತ್ತಿದ್ದಳು. ಡಾಕ್ಟರು ಒದ್ದೆ ಪ್ಯಾಂಟು ಕೊಡವಿಕೊಳ್ಳುತ್ತ, ನನ್ನ ಮುಖ ನೋಡದೆ, "ಆಯ್ತು, ಹಿಂದಿನ ಪರ್ಸೆಂಟೇ ಇರ್ಲಿ. ಐದು ವರ್ಷ ಬಿಟ್ಟು ಮತ್ತೆ ಕರ್ಕೊಂಡ್ ಬನ್ನಿ" ಎಂದರು.

"ಅಷ್ಟರಲ್ಲಿ ನಾನು ಸತ್ತಿದ್ದರೆ?"

"ಯಾರಾದ್ರೂ ಕರ್ಕೊಂಡ್ ಬರ್ಲಿ."

ಯಾರಾದರೂ! ಈ ಯಾರಾದರೂ ಎನ್ನುವವರು ಯಾರು, ಎಲ್ಲಿದ್ದಾರೆ, ಅವರಿಗೆ ಸರ್ಕಾರ ಏನು ಕೊಡುತ್ತದೆ? ಇಷ್ಟು ವರ್ಷ ಆ ಯಾರಾದರೂ ನಾನೇ ಆಗಿದ್ದೆ. ನನ್ನನ್ನು ಯಾವ ಡಾಕ್ಟರೂ ಯಾವ ಪರ್ಸೆಂಟಿನಲ್ಲೂ ಅಳೆಯಲಿಲ್ಲ. ಪಿಂಚಣಿ ಬರುತ್ತಿದೆ. ಆದರೆ ಅಂದಿನಿಂದ ವಸು ಚೊಂಬು ಮುಟ್ಟುವುದಿಲ್ಲ. ಯಾರು ಬಂದರೂ ಒಳಗೆ ಹೋಗಿ ಕೂರುತ್ತಾಳೆ. ಇವತ್ತು ನೀವು ಬಂದಾಗಲೂ ಹೋದಳು, ನೋಡಿದಿರಲ್ಲ? ಗಿರಿಜಮ್ಮ ಹೇಳಿದಂತೆ ಬಾಯಿ ಬಿಟ್ಟುಕೊಂಡು ಕೂರಿಸಿದ್ದರೆ ಪಿಂಚಣಿಯೂ ಉಳಿಯುತ್ತಿತ್ತು, ಆ ನಗುವೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಕಲಿತದ್ದಕ್ಕೆ ಶಿಕ್ಷೆ, ನಿಜ ಹೇಳಿದ್ದಕ್ಕೆ ಶಿಕ್ಷೆ! ಇಂಥ ನಿಯಮ ಬರೆದವರು ಒಂದು ದಿನವಾದರೂ ಯಾರಿಗಾದರೂ ಅನ್ನ ಕಲಸಿ ತಿನ್ನಿಸಿದ್ದಾರೆಯೇ?

ನೀವು ಓದಿ ದೊಡ್ಡವರಾಗಿ ಅಂಥ ಕುರ್ಚಿಯಲ್ಲಿ ಕುಳಿತರೆ, ಒಬ್ಬರು ತಮ್ಮ ಕಾಲ ಮೇಲೆ ನಿಂತಿದ್ದಾರೆ ಎಂದು ಬರೆಯುವ ಮೊದಲು, ಹಿಂದೆ ಯಾರು ಹಿಡಿದುಕೊಂಡಿದ್ದಾರೆ ಎಂದು ಬಗ್ಗಿ ನೋಡಿ. ಅಷ್ಟೇ.

ಅಂದು ಅಲ್ಲಿದ್ದವರು: ಸರಸ್ವತಿ ಎಂಬ ನಾನು, ನನ್ನ ಮಗಳು ವಸುಧಾ, ಪಕ್ಕದ ಮನೆಯ ಗಿರಿಜಮ್ಮ, ಗುಮಾಸ್ತ ನಾಗೇಶ. ಡಾಕ್ಟರ ಹೆಸರು ಕೇಳಿದೆ, ಹೇಳಲಿಲ್ಲ.